ಪಟ್ಟಿಯಲ್ಲಿಲ್ಲದ ಕೈ

ಮೋಟರಿಗೆ ವಿಮೆ ಇತ್ತು. ಅದನ್ನು ಎತ್ತಿ ಉಳಿಸಿದ ಕೈಗೆ ಇರಲಿಲ್ಲ. ಇಷ್ಟು ಹೇಳಿದರೆ ಕೇಳಿದವರು ನಗುತ್ತಾರೆ. ಆ ಪಟ್ಟಿ ಮಾಡಿದವಳು ನಾನೇ ಎಂದು ಸೇರಿಸಿದರೆ ನಗು ನಿಲ್ಲಿಸಿ, ಹೋಗಲಿ ಬಿಡ್ರಿ ಎಂದು ಚಹಾ ತರಿಸುತ್ತಾರೆ. ಹೋಗಲಿ ಬಿಡುವ ಸ್ವಭಾವ ನನ್ನದಲ್ಲ. ಅದಕ್ಕೇ ಆ ಮಳೆಗಾಲದ ಸಂಗತಿಯನ್ನು ನನ್ನ ತಪ್ಪಿನ ಸಮೇತ ಬರೆದಿಡುತ್ತಿದ್ದೇನೆ.

ನಾನು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಹಳ್ಳಿಯವರ ಬಾಯಲ್ಲಿ ಪಿಡಿಒ ಬಾಯಾರು. ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಕೃಷ್ಣೆಯ ದಂಡೆಗಿರುವ ಹಳ್ಳಿಗಳಿಗೂ ಮುಧೋಳ, ಬೀಳಗಿ ಕಡೆ ಘಟಪ್ರಭೆಯ ದಂಡೆಗಿರುವ ಹಳ್ಳಿಗಳಿಗೂ ರೋಗ ಒಂದೇ. ಕುಡಿಯುವ ನೀರಿನ ಮೋಟರು ಹೊಳೆಯ ದಂಡೆಯ ಪಂಪ್‌ಹೌಸಿನಲ್ಲಿರುತ್ತದೆ. ಹೊಳೆ ಏರಿದರೆ ಮೋಟರು ಮುಳುಗಿ ವೈಂಡಿಂಗ್ ಸುಟ್ಟುಹೋಗುತ್ತದೆ. ಕಣ್ಣು ಹಾಯುವಷ್ಟು ದೂರ ನೀರು, ಊರಿಗೆ ಮಾತ್ರ ಟ್ಯಾಂಕರ್. ಹೊಸ ಮೋಟರಿಗೆ ಅಂದಾಜು ಪತ್ರಿಕೆ, ಮಂಜೂರಾತಿ, ಟೆಂಡರ್ ಎಂದು ಓಡಾಡುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ.

ಒಂದೊಂದೇ ಪಂಚಾಯಿತಿ ವಿಮಾ ಕಂಪನಿಗೆ ಹೋದರೆ, ‘ಹೊಳೆ ದಂಡೆಯ ಮೋಟರೇ?’ ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಹಾಗಾಗಿ ಹದಿಮೂರು ಪಂಚಾಯಿತಿಗಳು ಕೂಡಿ ಒಂದು ಕೂಡುನಿಧಿ ಮಾಡಿದೆವು. ಸಣ್ಣ ಪೆಟ್ಟಾದರೆ ಯಾರನ್ನೂ ಕೇಳದೆ ಕೂಡುನಿಧಿಯಿಂದ ಕೂಡಲೇ ರಿಪೇರಿ. ದೊಡ್ಡ ಪೆಟ್ಟಿಗೆ ಎಲ್ಲರೂ ಸೇರಿ ಕೊಂಡ ಒಂದೇ ಪಾಲಿಸಿ. ಅದಕ್ಕೆ ಎರಡು ಪಟ್ಟಿ: ಮೋಟರುಗಳದ್ದೊಂದು, ನೀರು ಬಿಡುವ ನೌಕರರ ಅಪಘಾತ ವಿಮೆಯದ್ದೊಂದು. ಎರಡೂ ಹೊಳೆ ಪ್ರತಿ ಸಲ ಒಟ್ಟಿಗೇ ಏರುವುದಿಲ್ಲ. ಕೃಷ್ಣೆ ಸೊಕ್ಕಿದಾಗ ಘಟಪ್ರಭೆಯವರು ಕೈ ಹಿಡಿಯಬೇಕು, ಘಟಪ್ರಭೆ ಸೊಕ್ಕಿದಾಗ ನಾವು ಹಿಡಿಯಬೇಕು. ಲೆಕ್ಕಾಚಾರದ ತಿರುಳು ಇಷ್ಟೇ.

‘ಇದಕ್ಕೆ ಸುತ್ತೋಲೆ ಎಲ್ಲಿದೆ?’ ಎಂದು ಮೇಲಿನ ಕಚೇರಿ ಕೇಳಿತು. ಮಾಡಬಾರದು ಎನ್ನುವ ಸುತ್ತೋಲೆ ಎಲ್ಲಿದೆ ತೋರಿಸಿ ಎಂದು ನಾನು ಕೇಳಿದೆ. ಸರಕಾರದ ದಾರಿ ಕಾಯದೆ ರೈತರೇ ಕೂಡಿ ಹೊಳೆಗೆ ಬ್ಯಾರೇಜ್ ಕಟ್ಟಿದ ಚಿಕ್ಕಪಡಸಲಗಿ ಇರುವ ತಾಲೂಕಿನಲ್ಲಿ, ಹದಿಮೂರು ಮೋಟರಿಗಾಗಿ ಕೂಡುವುದಕ್ಕೆ ಯಾರ ಅಪ್ಪಣೆ ಬೇಕು? ಎಲ್ಲ ಅಧ್ಯಕ್ಷರೂ ಸೇರಿ ನನ್ನನ್ನೇ ಕೂಡುನಿಧಿಯ ಕಾರ್ಯದರ್ಶಿ ಮಾಡಿದರು. ಮಾತಾಡಿದವಳ ಕೊರಳಿಗೇ ಗಂಟೆ ಕಟ್ಟಿದರು.

ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನಿಸಿಕೊಳ್ಳಬಾರದೆಂದು ಮೇ ತಿಂಗಳ ಬಿಸಿಲಿನಲ್ಲೇ ಕೆಲಸ ಶುರು ಮಾಡಿದೆ. ಸ್ಕೂಟಿಯ ಮೇಲೆ ಅಳತೆಪಟ್ಟಿ, ಕೆಂಪು ಬಣ್ಣದ ಡಬ್ಬಿ, ಒಂದು ನೋಟ್‌ಬುಕ್. ಪ್ರತಿ ಪಂಪ್‌ಹೌಸಿನ ಗೋಡೆಯ ಮೇಲೆ ಹಿಂದಿನ ಮಹಾಪೂರದ ಕೆಸರಿನ ಗುರುತು ಇದ್ದೇ ಇರುತ್ತದೆ. ಸ್ಟಾರ್ಟರ್ ಪೆಟ್ಟಿಗೆಗಳನ್ನು ಆ ಗುರುತಿಗಿಂತ ಮೂರಡಿ ಮೇಲೆ ಏರಿಸಿದೆವು. ಮೇಲೊಂದು ಕಬ್ಬಿಣದ ಅಟ್ಟ, ಅಡ್ಡತೊಲೆಗೆ ಚೈನ್ ಪುಲ್ಲಿ. ಗೋಡೆಗೆ ಕೆಂಪು ಗೆರೆ ಎಳೆದು ಹೇಳಿದೆ: ನೀರು ಈ ಗೆರೆ ಮುಟ್ಟಿದರೆ ಯಾರ ಫೋನಿಗೂ ಕಾಯಬೇಡಿ. ಮೋಟರ್ ಬಂದ್ ಮಾಡಿ, ಅದನ್ನು ಪಂಪಿಗೆ ಜೋಡಿಸಿರುವ ಕಪ್ಲಿಂಗ್ ಬಿಚ್ಚಿ, ಚೈನಿನಿಂದ ಎತ್ತಿ ಅಟ್ಟದ ಮೇಲೆ ಕೂರಿಸಿ. ಮೋಟರಿನ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕೆಂಬುದು ಕಂಪನಿಯ ಷರತ್ತು. ಅದನ್ನೂ ಬರೆಸಿದೆ.

ಹಿಪ್ಪರಗಿ ಬ್ಯಾರೇಜಿನ ಕೆಳಗಿನ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿಯ ಪಂಪ್‌ಹೌಸಿನ ಮುಂದೆ ನನಗಾಗಿ ಕಾದಿದ್ದದ್ದು ನೀರಗಂಟಿಯಲ್ಲ, ಅವನ ಹೆಂಡತಿ. ನೀರಗಂಟಿ ಎಂದರೆ ಪಂಚಾಯಿತಿಯ ಪಗಾರಕ್ಕೆ ಊರಿಗೆ ನೀರು ಬಿಡುವವನು. ಆಕೆ ಸೊಂಟದಿಂದ ಕೀಲಿ ತೆಗೆದು ಬಾಗಿಲು ತೆರೆದಳು. ಮೋಟರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ನಂಬರ್ ಓದಿ ಹೇಳಿದಳು. ಸ್ಟಾರ್ಟರ್ ಒತ್ತಿ, ತಲೆ ವಾರೆ ಮಾಡಿ ಸದ್ದು ಕೇಳಿದಳು.

‘ಬೇರಿಂಗ್ ಹೋಗಾಕತ್ತೈತ್ರಿ. ಮಳಿಗಾಲಕ್ಕಿಂತ ಮದಲ ಬದಲಿ ಮಾಡಸ್ರಿ.’

‘ನಿನ್ನ ಗಂಡ ಎಲ್ಲಿ ಹೋಗ್ಯಾನವಾ?’ ಎಂದೆ.

‘ಊರಾಗ ವಾಲ್ವ್ ತಿರವಾಕ ಹೋಗ್ಯಾನ್ರಿ. ಹೊಳಿ ಕಡಿ ಕೆಲಸ ಎಲ್ಲಾ ನಂದ. ಅಂವ ಇದ್ರೂ ನೀರು ಬರತಾವು, ಇಲ್ದಿದ್ರೂ ಬರತಾವು. ನಾ ಇಲ್ಲಂದ್ರ ಬರಂಗಿಲ್ರಿ.’

ನಾನು ನಕ್ಕೆ. ಚೀಲದಿಂದ ಪಗಾರದ ಪಟ್ಟಿ ತೆಗೆದು ಅದರಲ್ಲಿದ್ದ ಗಂಡನ ಹೆಸರನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಕ್ರಮ ಸಂಖ್ಯೆ ಏಳು. ಬೇರಿಂಗ್ ಬದಲಿಸಬೇಕೆಂದು ಪಕ್ಕದಲ್ಲಿ ಬರೆದೆ. ಅದನ್ನು ಹೇಳಿದವಳ ಹೆಸರು ಬರೆಯಬೇಕೆಂದು ಹೊಳೆಯಲೇ ಇಲ್ಲ. ನಮ್ಮ ಕಡೆ ನೀರು ಬಿಡುವ ಕೆಲಸ ಒಬ್ಬನದಲ್ಲ, ಒಂದು ಮನೆಯದು. ಹುದ್ದೆ ಒಬ್ಬರ ಹೆಸರಿನಲ್ಲಿ, ದುಡಿಮೆ ಮನೆಮಂದಿಯದೆಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಇದೇ ನೀರು ಕುಡಿದು ಬೆಳೆದವಳು. ಗೊತ್ತಿದ್ದೂ ಕಾಗದ ನೋಡಿ ಬರೆದೆ. ನನ್ನ ತಪ್ಪು ಅದು.

ಆ ವರ್ಷ ಮಳೆ ಜೋರು ಹಿಡಿಯಿತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರು, ಬ್ಯಾರೇಜಿನ ಗೇಟುಗಳನ್ನೆಲ್ಲ ಎತ್ತಿದರು. ಎರಡು ದಿನದಲ್ಲಿ ಕೃಷ್ಣೆ ಕಬ್ಬಿನ ಗದ್ದೆಗೆ ನುಗ್ಗಿತು. ನಾನು ಕಚೇರಿಯಲ್ಲಿ ಕೂತು ಒಂದೊಂದೇ ಊರಿನಿಂದ ಬರುವ ಫೋನಿಗೆ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದೆ. ಎತ್ತಿದೆವು, ಎತ್ತಿದೆವು, ಎತ್ತಿದೆವು. ಮಧ್ಯಾಹ್ನದ ಹೊತ್ತಿಗೆ ಏಳನೇ ನಂಬರಿನಿಂದಲೂ ಬಂತು: ‘ಮೋಟರ್ ಮ್ಯಾಲೆ ಐತ್ರಿ. ಆದ್ರ ನೀರಗಂಟಿ ಹೇಣ್ತಿ ಕೈ ಸಿಕ್ಕೈತಿ.’

ಗಂಡ ಆ ದಿನ ಬೀಗರ ಊರಿನಲ್ಲಿ ಯಾರೋ ತೀರಿಕೊಂಡರೆಂದು ಮಣ್ಣಿಗೆ ಹೋಗಿದ್ದ. ನೀರು ಕೆಂಪು ಗೆರೆ ಮುಟ್ಟಿದ್ದನ್ನು ಕಂಡ ಆಕೆ, ಪಕ್ಕದ ಹೊಲದಲ್ಲಿದ್ದ ಇಬ್ಬರನ್ನು ಕರೆದು ಚೈನು ಎಳೆಯಲು ಹಚ್ಚಿದಳು. ಕಪ್ಲಿಂಗ್ ಬಿಚ್ಚಿದ್ದು, ಹುಕ್ ಹಾಕಿದ್ದು, ಮೋಟರನ್ನು ಅಟ್ಟದ ಕಡೆ ತಳ್ಳಿದ್ದು ಆಕೆಯೇ. ಅಟ್ಟಕ್ಕೆ ಇನ್ನೊಂದು ಗೇಣಿರುವಾಗ ಚೈನು ಜಾರಿತು. ಬಲಗೈ ಮೋಟರಿನ ಕಾಲಿಗೂ ಅಟ್ಟದ ಅಂಚಿಗೂ ನಡುವೆ ಸಿಕ್ಕಿತು. ಮೊದಲು ಮೋಟರ್ ಕೂಡ್ರಸ್ರಿ, ಆಮ್ಯಾಲೆ ನನ್ನ ಕೈ ನೋಡ್ರಿ ಎಂದಳಂತೆ. ಎರಡು ಬೆರಳು ಹೋದವು.

ಆ ಮಹಾಪೂರದಲ್ಲಿ ಹದಿಮೂರರಲ್ಲಿ ಒಂದು ಮೋಟರೂ ಮುಳುಗಲಿಲ್ಲ. ಮೇಲಿನ ಕಚೇರಿಯಿಂದ ಶಭಾಸ್‌ಗಿರಿಯ ಫೋನ್ ಬಂತು. ಅದೇ ಹೊತ್ತಿಗೆ ನಾನು ಜಮಖಂಡಿಯ ಆಸ್ಪತ್ರೆಯಲ್ಲಿ ಆಕೆಯ ಮಂಚದ ಪಕ್ಕ ಕೂತು ಅಪಘಾತ ವಿಮೆಯ ಫಾರಂ ತುಂಬುತ್ತಿದ್ದೆ. ಗಾಯಗೊಂಡ ನೌಕರರ ಹೆಸರು, ಪಟ್ಟಿಯ ಕ್ರಮ ಸಂಖ್ಯೆ ಎಂದಿತ್ತು. ಪೆನ್ನು ಅಲ್ಲಿಗೇ ನಿಂತಿತು. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದು ಹೇಳಲೇಬೇಕಾಯಿತು.

ಆಕೆ ಅಳಲಿಲ್ಲ. ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದಳು.

‘ನೀರು ಬಂದಿಲ್ಲಂತ ಬೈಯಾಕ ಇಡೀ ಊರಿಗೆ ನನ್ನ ಹೆಸರು ಗೊತ್ತೈತಿ. ನಿಮ್ಮ ಪಟ್ಟಿಗಿ ಗೊತ್ತಿಲ್ಲೇನ್ರಿ ಬಾಯಾರ?’

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಮೊದಲು ನನ್ನ ಮೇಲೆ, ಆಮೇಲೆ ಆ ಫಾರಂ ಮೇಲೆ.

ಮರುದಿನ ಆ ಊರಿನ ಪಂಚಾಯಿತಿಯ ಅಧ್ಯಕ್ಷರು ಠರಾವು ಪುಸ್ತಕ ಬಗಲಲ್ಲಿಟ್ಟುಕೊಂಡು ನನ್ನ ಕಚೇರಿಗೆ ಬಂದರು; ಆ ಪಂಚಾಯಿತಿಯ ಹೆಚ್ಚುವರಿ ಹೊಣೆಯೂ ಆಗ ನನ್ನ ಮೇಲೇ ಇತ್ತು. ಸಭೆಯ ನಿರ್ಣಯಗಳನ್ನು ಬರೆಯುವ ಪುಸ್ತಕ ಅದು. ನಮ್ಮಲ್ಲಿ ಒಂದು ಪದ್ಧತಿಯಿದೆ: ಪ್ರತಿ ಸಭೆಯ ಠರಾವು ಬರೆದಾದ ಮೇಲೆ, ಸಹಿಗಳಿಗಿಂತ ಮುಂಚೆ ಎರಡು ಸಾಲು ಖಾಲಿ ಬಿಡುತ್ತಾರೆ. ಮರೆತದ್ದೇನಾದರೂ ಇದ್ದರೆ ಸೇರಿಸಲಿಕ್ಕೆಂದು. ಎಷ್ಟೋ ಊರು ನಡೆಯುವುದೇ ಆ ಎರಡು ಸಾಲಿನ ಮೇಲೆ. ನಾನೂ ಬಿಟ್ಟಿದ್ದೇನೆ, ಸುಳ್ಳೇಕೆ ಹೇಳಲಿ.

‘ಜೂನ್ ತಿಂಗಳ ಸಭಾದಾಗ ಎರಡ ಸಾಲ ಖಾಲಿ ಅದಾವ್ರಿ,’ ಎಂದು ಪುಟ ತೆರೆದು ಬೆರಳಿಟ್ಟರು. ‘ಈಕಿನ್ನ ಬದಲಿ ನೀರಗಂಟಿ ಅಂತ ನೇಮಿಸೇವಿ ಅಂತ ಬರದ ಬಿಡ್ರಿ. ಮುಗದ ಹೋತು. ಯಾರಿಗಿ ತಿಳೀತೈತಿ?’

ಒಂದು ನಿಮಿಷ ಪೆನ್ನು ಕೈಯಲ್ಲೇ ಇತ್ತು. ಠರಾವಿನಿಂದ ನೇಮಿಸಿದ ಬದಲಿ ನೌಕರರೂ ಪಟ್ಟಿಗೆ ಸೇರಿದಂತೆ ಎಂಬ ಷರತ್ತು ಪಾಲಿಸಿಯಲ್ಲಿತ್ತು, ಬರೆದಿದ್ದರೆ ಆಕೆಗೆ ಪರಿಹಾರ ಬರುತ್ತಿತ್ತು. ಸಿಕ್ಕಿಬಿದ್ದರೆ ಹದಿಮೂರು ಊರಿನ ಪಾಲಿಸಿ ರದ್ದಾಗುತ್ತಿತ್ತು. ಆದರೆ ನನ್ನನ್ನು ತಡೆದದ್ದು ಭಯವೊಂದೇ ಅಲ್ಲ. ಆಕೆ ಆ ಕೆಲಸವನ್ನು ವರ್ಷಾನುಗಟ್ಟಲೆ ಖರೆ ಖರೆ ಮಾಡಿದ್ದಳು. ಖರೆ ಮಾಡಿದ್ದಕ್ಕೆ ನಾನು ಸುಳ್ಳು ದಾಖಲೆ ಹುಟ್ಟಿಸಬೇಕೇ? ಇಂದು ಇವಳನ್ನು ಖಾಲಿ ಸಾಲಿನಲ್ಲಿ ತುರುಕಿದರೆ, ನಾಳೆ ಇನ್ನೊಂದು ಊರಿನಲ್ಲಿ ಇನ್ನೊಬ್ಬಳ ಕೈ ಸಿಕ್ಕಾಗ ಮತ್ತೆ ಖಾಲಿ ಸಾಲು ಹುಡುಕಬೇಕು.

ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಆ ಎರಡು ಸಾಲಿನ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದು, ಕೆಳಗೆ ಸಹಿ ಮಾಡಿದೆ.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ‘ಹೆಣ್ಣಮಗಳಾಗಿ ಒಂದು ಹೆಣ್ಣಿಗಿ ಹಿಂಗ ಮಾಡೂದೇನ್ರಿ?’

‘ಹೆಣ್ಣಮಗಳು ಅಂತನ ಮಾಡಾಕತ್ತೇನ್ರಿ. ಆಕಿಗಿ ಕೊಡೂದು ಕಳ್ಳಸಾಲಿನ್ಯಾಗ ಬ್ಯಾಡ. ಎದುರಿಗಿ, ಎಲ್ಲಾರ ಮುಂದ ಕೊಡೂಣು.’

‘ಹ್ಯಾಂಗ ಕೊಡ್ತೀರಿ ನೋಡೂಣು,’ ಎಂದು ಪುಸ್ತಕ ಎತ್ತಿಕೊಂಡು ಹೋದರು. ಹೇಗೆ ಕೊಡುತ್ತೇನೆಂದು ಆಗ ನನಗೂ ಗೊತ್ತಿರಲಿಲ್ಲ.

ಫಾರಮಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು ಕಂಪನಿಗೆ ಕಳಿಸಿದೆ. ವಾರದಲ್ಲಿ ವಿಮಾ ಅಧಿಕಾರಿಯೇ ಬಂದರು. ಮೆತ್ತಗೆ ಮಾತಾಡುವ, ತೆಂಕಣ ಕಡೆಯ ಮನುಷ್ಯ. ಪಂಪ್‌ಹೌಸ್ ನೋಡಿದರು, ಚೈನು ನೋಡಿದರು, ಆಸ್ಪತ್ರೆಯ ಕಾಗದ ನೋಡಿದರು. ಕೊನೆಗೆ, ಹೆಸರಿಲ್ಲದವರಿಗೆ ಕೊಡಲು ಬರುವುದಿಲ್ಲ ಎಂದರು. ನಾನು ಜಗಳ ತೆಗೆದೆ. ಅವರು ದನಿ ಏರಿಸಲಿಲ್ಲ. ಚೀಲದಿಂದ ನಮ್ಮದೇ ಅರ್ಜಿ ತೆಗೆದು ಮುಂದಿಟ್ಟರು.

‘ಹುದ್ದೆಯ ಲೆಕ್ಕದಲ್ಲೂ ಪಾಲಿಸಿ ಮಾಡಬಹುದಿತ್ತು ಮೇಡಂ. ಆ ಹೊತ್ತಿಗೆ ಆ ಪಂಪ್‌ಹೌಸಿನಲ್ಲಿ ಪಂಚಾಯಿತಿಯ ಕೆಲಸ ಯಾರು ಮಾಡುತ್ತಿರುತ್ತಾರೋ ಅವರಿಗೆ ಅನ್ವಯಿಸುತ್ತದೆ. ಇಲ್ಲಿ ಎರಡು ಚೌಕ ಇವೆ ನೋಡಿ. ನೀವು ಹೆಸರಿನ ಪಟ್ಟಿಗೆ ಟಿಕ್ ಹಾಕಿದ್ದೀರಿ.’

ಟಿಕ್ ನನ್ನದೇ. ಪಗಾರದ ಪಟ್ಟಿ ಕೈಯಲ್ಲಿ ತಯಾರಿತ್ತು, ಅದಕ್ಕೇ ಮೊದಲ ಚೌಕಕ್ಕೆ ಹಾಕಿದ್ದೆ. ಎರಡನೆಯದರಲ್ಲಿ ಏನಿದೆ ಎಂದು ಓದಿರಲಿಲ್ಲ.

ಉಳಿದದ್ದು ಒಂದೇ ದಾರಿ, ನಮ್ಮ ಕೂಡುನಿಧಿ. ಅದರ ನಿಯಮದಲ್ಲಿ ಇದ್ದದ್ದು ಮೋಟರಿನ ರಿಪೇರಿ ಮಾತ್ರ. ನಿಯಮ ಬದಲಾಗಬೇಕಾದರೆ ಹದಿಮೂರು ಅಧ್ಯಕ್ಷರೂ ಒಪ್ಪಬೇಕು. ಪಟ್ಟಿಯಲ್ಲಿಲ್ಲದವರ ಗೊಡವೆಗೆ ಹೋಗಬೇಡಿ ಎಂದು ಮೇಲಿನ ಕಚೇರಿ ಫೋನಿನಲ್ಲಿ ಎಚ್ಚರಿಸಿತು. ಅದನ್ನು ಬರೆದು ಕೊಡಿ ಎಂದೆ. ಬರೆದು ಕೊಡಲಿಲ್ಲ. ನಾನು ಜಮಖಂಡಿಯಲ್ಲಿ ಸಭೆ ಕರೆದೆ.

ಅಷ್ಟರಲ್ಲಿ ಹೊಳೆ ಇಳಿದಿತ್ತು. ಮೋಟರ್ ಎತ್ತಿದ್ದ ಉಳಿದ ಊರಿನವರೆಲ್ಲ ಅದನ್ನು ಇಳಿಸಿ ನೀರು ಬಿಟ್ಟಿದ್ದರು. ಏಳನೇ ನಂಬರಿನ ಊರು ಮಾತ್ರ ಇನ್ನೂ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿತ್ತು.

ಸಭೆಯಲ್ಲಿ ನಾನು ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ ಠರಾವು ಓದಿದೆ: ಪಾಲಿಸಿಯಿಂದ ಎಷ್ಟು ಸಿಗಬೇಕಿತ್ತೋ ಅಷ್ಟನ್ನೂ, ಚಿಕಿತ್ಸೆಯ ಖರ್ಚನ್ನೂ ಕೂಡುನಿಧಿ ಕೊಡಬೇಕು. ಓದಿ ಮುಗಿಸುವ ಮೊದಲೇ ಮುಧೋಳ ಕಡೆಯ ಒಬ್ಬ ಅಧ್ಯಕ್ಷರು ಎದ್ದರು. ದಪ್ಪಗಿನ ಆಳು, ಮಾತು ಕಟ್ಟಿಗೆ ಒಡೆದಂತೆ.

‘ನಮ್ಮ ಕಡಿ ಹೊಳಿ ಏರೇ ಇಲ್ಲ. ಪಟ್ಟಿಯಾಗ ಇಲ್ಲದ ಮನಷ್ಯಾಗ ನಾವ್ಯಾಕ ಕೊಡಬೇಕು? ಹಿಂಗಾದ್ರ ನಾವು ಹೊರಗ ಬೀಳ್ತೇವಿ. ಕೆಲಸ ಗಂಡಂದು. ಅಂವಗ ಹೇಳ್ರಿ, ಮೋಟರ್ ಇಳಸಿ ನೀರು ಬಿಡ್ಲಿ.’

ಆಕೆಯನ್ನು ನಾನು ಬರಹೇಳಿದ್ದೆ. ಗಂಡನ ಜೊತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ಎದ್ದು ಬಂದು, ಎಡಗೈಯಿಂದ ಸೊಂಟದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು.

‘ಇದು ಪಂಪ್‌ಹೌಸ್ ಕೀಲಿ ರೀ. ಪಟ್ಟಿಯಾಗ ಯಾರ ಹೆಸರೈತಿ ಅವರು ತಗೊಂಡ ಹೋಗ್ರಿ.’

ಎಲ್ಲರೂ ಗಂಡನ ಕಡೆ ನೋಡಿದರು. ಅವನು ಎದ್ದು ನಿಂತ, ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

‘ನನಗ ಕಪ್ಲಿಂಗ್ ಕೂಡಸಾಕ ಬರಂಗಿಲ್ರಿ,’ ಎಂದ. ‘ಊರಾಗ ವಾಲ್ವ್ ತಿರವತೀನಿ. ಹೊಳಿ ಕಡಿದೆಲ್ಲಾ ಆಕಿನ ರೀ, ಲಗ್ನಾದಾಗಿಂದ.’

ಗಂಡಸರೇ ತುಂಬಿದ ಸಭೆಯಲ್ಲಿ ಇಷ್ಟು ಹೇಳುವುದಕ್ಕೆ ಎದೆ ಬೇಕು. ಆ ಮನುಷ್ಯನ ಬಗ್ಗೆ ನನಗೆ ಅಂದಿನಿಂದ ಗೌರವ ಹುಟ್ಟಿತು. ಯಾರೂ ನಗಲಿಲ್ಲ. ಕೀಲಿ ಮೇಜಿನ ಮೇಲೆಯೇ ಇತ್ತು.

ನಾನು ಮುಧೋಳ ಕಡೆಯ ಅಧ್ಯಕ್ಷರನ್ನೇ ಕೇಳಿದೆ, ‘ನಿಮ್ಮೂರಾಗ ಮೋಟರ್ ಚಾಲೂ ಮಾಡೋರು ಯಾರ್ರಿ? ಖರೆ ಹೇಳ್ರಿ.’

ಅವರು ಗಡ್ಡ ಕೆರೆದುಕೊಂಡರು. ‘ಪಟ್ಟಿಯಾಗ ಮಗಾ ಅದಾನ್ರಿ. ಹೊಳಿಗಿ ಹೋಗಾಂವ ಅಪ್ಪ.’

‘ಅಪ್ಪನ ವಯಸ್ಸು?’

‘ಎಪ್ಪತ್ತರ ಮ್ಯಾಲ ಆಗ್ಯಾವ್ರಿ,’ ಎಂದವರು ಕೂತುಬಿಟ್ಟರು.

ಮೇಜಿನ ಸುತ್ತ ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಬೀಳಗಿ ಕಡೆಯ ಒಂದು ಊರಿನಲ್ಲಿ ಅಣ್ಣನ ಹೆಸರು, ತಮ್ಮನ ದುಡಿಮೆ. ರಬಕವಿ ಕಡೆಯ ಒಂದು ಊರಿನಲ್ಲಿ ಗಂಡ ಮಗ್ಗದ ಮೇಲೆ, ಹೆಂಡತಿ ವಾಲ್ವಿನ ಮೇಲೆ. ಹದಿಮೂರರಲ್ಲಿ ಒಂಬತ್ತು ಊರಿನಲ್ಲಿ ಪಟ್ಟಿಯಲ್ಲಿದ್ದವರು ಹೊಳೆಯಲ್ಲಿರಲಿಲ್ಲ, ಹೊಳೆಯಲ್ಲಿದ್ದವರು ಪಟ್ಟಿಯಲ್ಲಿರಲಿಲ್ಲ. ಹಿಂದಿನ ದಿನದವರೆಗೂ ಅದು ಏಳನೇ ನಂಬರಿನ ಊರಿನ ಸಮಸ್ಯೆಯಾಗಿತ್ತು. ಖಾಲಿ ಸಾಲು ತೋರಿಸಿದ್ದ ಅಧ್ಯಕ್ಷರು ತಾವೇ ಪುಸ್ತಕ ಎಳೆದುಕೊಂಡು, ‘ಬರೀರಿ ಬಾಯಾರ, ಮದಲನೇ ಸಹಿ ನಂದ,’ ಎಂದರು. ಮುಧೋಳ ಕಡೆಯವರದು ಎರಡನೆಯದು. ಕೊನೆಯ ಸಾಲಿಗೂ ಸಹಿಗೂ ನಡುವೆ ನಾನು ಜಾಗ ಬಿಡಲಿಲ್ಲ.

ಸಹಿಗಳೆಲ್ಲ ಆದ ಮೇಲೆ ಆಕೆ ಕೀಲಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂದು ಸಂಜೆಯೇ ಅಟ್ಟದಿಂದ ಮೋಟರ್ ಇಳಿಯಿತು. ಬೋಲ್ಟ್ ತಿರುವುವ ಪಾನಾ ಹಿಡಿದದ್ದು ಗಂಡ, ಎಡಗೈಯಿಂದ ತೋರಿಸಿದ್ದು ಆಕೆ. ‘ಇನ್ನೊಂದ ಸುತ್ತು. ಅಷ್ಟ ಅಲ್ಲೋ ಮಾರಾಯ, ಬೋಲ್ಟ್ ಮುರೀತಿ!’ ಎಂದು ಬೈಯುತ್ತಿದ್ದಳು. ಬೆಳಿಗ್ಗೆ ಊರಿಗೆ ನೀರು ಬಂದವು.

ತಿಂಗಳಾದ ಮೇಲೆ ನನಗೊಂದು ನೋಟಿಸ್ ಬಂತು. ಪಟ್ಟಿಯಲ್ಲಿಲ್ಲದ ವ್ಯಕ್ತಿಗೆ ಪರಿಹಾರ ಕೊಡಿಸಿದ್ದೇಕೆ, ಏಳು ದಿನದೊಳಗೆ ಕಾರಣ ತಿಳಿಸಿ. ಪರಿಚಯದ ಗುಮಾಸ್ತರೊಬ್ಬರು, ‘ಕ್ಷಮಿಸಬೇಕು ಎಂದು ಬರೆಯಿರಿ, ಅಲ್ಲಿಗೆ ಮುಗಿಯುತ್ತದೆ,’ ಎಂದರು. ನಾನು ಮೂರು ಸಾಲು ಬರೆದೆ. ಪಟ್ಟಿ ತಪ್ಪಾಗಿತ್ತು. ತಪ್ಪು ಮಾಡಿದವಳು ನಾನು. ಠರಾವು ವಾಪಸ್ ಪಡೆಯುವುದಿಲ್ಲ. ಹದಿಮೂರು ಅಧ್ಯಕ್ಷರ ಸಹಿಯ ಪ್ರತಿಯನ್ನು ಲಗತ್ತಿಸಿದೆ. ನನ್ನ ಸೇವಾ ಪುಸ್ತಕದಲ್ಲಿ ಈಗ ಒಂದು ಎಚ್ಚರಿಕೆ ಕೂತಿದೆ. ಕೂತಿರಲಿ, ಅದಕ್ಕೇನು ಅನ್ನ ಹಾಕಬೇಕಾಗಿಲ್ಲ.

ಮರುವರ್ಷ ಪಾಲಿಸಿಯ ಅರ್ಜಿಯಲ್ಲಿ ಎರಡನೇ ಚೌಕಕ್ಕೆ ಟಿಕ್ ಹಾಕಿದೆ, ಪೂರ್ತಿ ಓದಿ, ಎರಡು ಸಲ ಓದಿ. ಮೇ ತಿಂಗಳಲ್ಲಿ ಮತ್ತೆ ಅಳತೆಪಟ್ಟಿ, ಬಣ್ಣದ ಡಬ್ಬಿ. ಏಳನೇ ನಂಬರಿನ ಪಂಪ್‌ಹೌಸಿಗೆ ಹೋದಾಗ ಆಕೆ ಮೂರೇ ಬೆರಳಿನಿಂದ ಬೀಗ ತೆಗೆದಳು. ಚೈನು ಹೊಸದು, ಹುಕ್ಕೂ ಹೊಸದು. ಗೋಡೆಯ ಮೇಲೆ ಮೋಟರಿನ ನಂಬರ್ ಇತ್ತು. ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಆಕೆಯ ಹೆಸರಿತ್ತು. ಎಡಗೈಯ ಬರಹ, ಸೊಟ್ಟ ಸೊಟ್ಟ.

‘ಇದನ್ನ ಯಾರು ಬರಿ ಅಂದ್ರವಾ?’ ಎಂದೆ.

‘ಯಾರ ಅನಬೇಕ್ರಿ? ಹೊಳಿ ಏರಿದಾಗ ನಿಮ್ಮ ಪಟ್ಟಿ ಕಚೇರ್ಯಾಗ ಇರತೈತಿ. ನಾ ಇಲ್ಲಿರತೇನಿ.’

ನೋಟ್‌ಬುಕ್ ತೆಗೆದು ಮೋಟರಿನ ನಂಬರನ್ನು ಗೋಡೆಯ ಜೊತೆ ತಾಳೆ ನೋಡಿದೆ. ಸರಿ ಇತ್ತು. ಹೊಸ ಪಾಲಿಸಿಗೆ ಹೆಸರು ಬೇಕಾಗಿಲ್ಲ. ಆದರೂ ಗೋಡೆ ನೋಡುತ್ತ, ಒಂದೊಂದೇ ಅಕ್ಷರವಾಗಿ, ಆಕೆಯ ಹೆಸರನ್ನು ಬರೆದುಕೊಂಡೆ.